ಕನ್ನಡ ಓದಲು ಬಾರದ ಪೋಷಕರೂ ಮಗುವಿನ ಜತೆ ಪುಸ್ತಕ ತೆರೆಯಬಹುದು

ಮಗು ಕನ್ನಡ ಶಾಲೆಗೆ ಹೋಗುತ್ತದೆ. ಮನೆಮಾತೂ ಕನ್ನಡವೇ. ಆದರೆ ತಂದೆ ತಾಯಿ ಕಲಿತದ್ದು ಮಲಯಾಳ, ತಮಿಳು, ಮರಾಠಿ ಇಲ್ಲವೇ ತೆಲುಗಿನಲ್ಲಿ. ಎಷ್ಟೋ ಮಂದಿ ಕೂಲಿಗೆ ಹೋಗಿ ಶಾಲೆಯನ್ನೇ ಬಿಟ್ಟವರು. ಮಗು ಪುಸ್ತಕ ತಂದು ಪಕ್ಕದಲ್ಲಿ ಕುಳಿತರೆ ‘ನನಗೆ ಓದಲು ಬರುವುದಿಲ್ಲ, ನೀನೇ ಓದಿಕೋ’ ಎನ್ನುವ ಸಂಕೋಚ ಗಡಿಭಾಗದ ಅನೇಕ ಮನೆಗಳಲ್ಲಿದೆ. ಈ ಸಂಕೋಚ ಕಳೆಯುವ ಒಂದು ದಾರಿ ಸಿಕ್ಕಿದ್ದು ಮ್ಯೂಸಿಯಂನಲ್ಲಿ.

1980ರ ದಶಕದ ಕೊನೆಗೆ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನವರಿಗೆ ಒಂದು ಚಿಂತೆ ಹುಟ್ಟಿತು. ಚಿತ್ರದ ಮುಂದೆ ನಿಂತು ಎಷ್ಟು ವಿವರಿಸಿದರೂ ಬಂದವರ ನೆನಪಿನಲ್ಲಿ ಉಳಿಯುವುದು ಅಲ್ಪ. ಅಲ್ಲಿನ ಶಿಕ್ಷಣ ವಿಭಾಗದ ಮುಖ್ಯಸ್ಥ ಫಿಲಿಪ್ ಯೆನವೈನ್, ಮನೋವಿಜ್ಞಾನಿ ಅಬಿಗೇಲ್ ಹೌಸನ್ ಜತೆಗೂಡಿ ವಿವರಣೆಯ ಬದಲು ಮೂರು ಪ್ರಶ್ನೆಗಳ ಕ್ರಮ ರೂಪಿಸಿದರು:

ಈ ಚಿತ್ರದಲ್ಲಿ ಏನು ನಡೆಯುತ್ತಿದೆ?
ಯಾವುದನ್ನು ನೋಡಿ ಹಾಗೆ ಹೇಳಿದೆ?
ಇನ್ನೇನು ಕಾಣಿಸುತ್ತದೆ?

ಇಲ್ಲಿ ಸರಿ–ತಪ್ಪು ಹೇಳುವವರಿಲ್ಲ. ಮಗು ಹೇಳಿದ ಭಾಗವನ್ನು ಬೆರಳಿಟ್ಟು ತೋರಿಸಿ, ಅದೇ ಮಾತನ್ನು ದೊಡ್ಡವರು ತಮ್ಮ ಮಾತಿನಲ್ಲಿ ಮತ್ತೆ ಹೇಳಿದರೆ ಸಾಕು.

ಈ ಕ್ರಮವನ್ನು ಮಕ್ಕಳ ಪುಸ್ತಕಕ್ಕೆ ಅಳವಡಿಸಿದ್ದು ಅಮೆರಿಕದ ಆಮ್‌ಹರ್ಸ್ಟ್ ಊರಿನ ಇನ್ನೊಂದು ಮ್ಯೂಸಿಯಂ. ಚಿತ್ರಪುಸ್ತಕಗಳ ಕಲಾವಿದ ಎರಿಕ್ ಕಾರ್ಲ್ ಮತ್ತು ಪತ್ನಿ ಬಾರ್ಬರಾ 2002ರಲ್ಲಿ ಅದನ್ನು ತೆರೆದರು. ಅಲ್ಲಿ ದುಡಿದ ಮೇಗನ್ ಡೌಡ್ ಲ್ಯಾಂಬರ್ಟ್ ಹೇಳುವುದು ಇಷ್ಟು: ಮಕ್ಕಳಿಗೆ ಓದಿ ಹೇಳುವುದಕ್ಕಿಂತ ಮಕ್ಕಳೊಡನೆ ಓದಬೇಕು. ಮೊದಲು ರಕ್ಷಾಪುಟ ನೋಡಿ, ಚಿತ್ರದ ಬಗ್ಗೆ ಮಾತಾಡಿ, ಪುಟ ತಿರುಗಿಸುವ ಮೊದಲು ಒಂದು ಕ್ಷಣ ನಿಲ್ಲಿ.

ಮನೆಯಲ್ಲಿ ಇದು ಹೇಗೆ ನಡೆದೀತು? ಚಿತ್ರದಲ್ಲಿ ಹುಡುಗಿಯೊಬ್ಬಳು ಕೊಡೆ ಹಿಡಿದಿದ್ದಾಳೆ ಎನ್ನಿ. ‘ಮಳೆ ಬರ್ತಿದೆ’ ಎನ್ನುತ್ತದೆ ಮಗು. ‘ಯಾವುದನ್ನು ನೋಡಿ ಹೇಳಿದೆ?’ ‘ಕೊಡೆ ಬಿಚ್ಚಿದ್ದಾಳಲ್ಲ.’ ‘ಇನ್ನೇನು ಕಾಣಿಸ್ತದೆ?’ ಮಗು ಮತ್ತೆ ನೋಡುತ್ತದೆ. ‘ನೆಲ ಒದ್ದೆ ಇಲ್ಲ. ಹಾಗಾದ್ರೆ ಬಿಸಿಲಿಗೇ ಇರಬೇಕು!’ ಕಂಡದ್ದಕ್ಕೆ ಕಾರಣ ಕೊಟ್ಟು, ಪೂರ್ತಿ ವಾಕ್ಯದಲ್ಲಿ ಮಾತಾಡುವ ಅಭ್ಯಾಸ ಇದು. ಕೇಳಿದವರಿಗೆ ಒಂದಕ್ಷರವೂ ಬರಬೇಕಾಗಿಲ್ಲ. ಮಾತು ಮುಗಿದ ಮೇಲೆ ಮಗು ಆ ಪುಟ ಓದಲಿ, ನೀವು ಕೇಳಿ.

ಪುಸ್ತಕ ಕೊಳ್ಳಲು ಹಣವಿಲ್ಲ ಎನ್ನುವವರು ಶಾಲೆಯ ಪುಸ್ತಕವನ್ನು ಮನೆಗೆ ಕೊಡುವಂತೆ ಶಿಕ್ಷಕರನ್ನು ಕೇಳಬಹುದು. ಪ್ರಥಮ್ ಬುಕ್ಸ್ ಸಂಸ್ಥೆಯ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಚಿತ್ರಕತೆಗಳು ಮೊಬೈಲಿನಲ್ಲೇ ಉಚಿತವಾಗಿ ಸಿಗುತ್ತವೆ.

ಮ್ಯೂಸಿಯಂಗೆ ಹೋಗಬೇಕೆಂದರೆ ಬಸ್ಸಿನ ಖರ್ಚು, ಒಂದು ದಿನದ ಕೂಲಿ ನಷ್ಟ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ಇದಕ್ಕೊಂದು ಉತ್ತರ ಕಂಡುಕೊಂಡಿದೆ: 2015ರಿಂದ ಬಸ್ಸನ್ನೇ ಮ್ಯೂಸಿಯಂ ಮಾಡಿ ಶಾಲೆಗಳ ಅಂಗಳಕ್ಕೆ ಕಳಿಸುತ್ತಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಶಾಲಾ ಸಮಿತಿಗಳು ಅದನ್ನು ಕರೆಸುವ ಪ್ರಯತ್ನ ಮಾಡಬಹುದು. ಮಡಕಶಿರಾ ಕಡೆಯವರಿಗೆ ಲೇಪಾಕ್ಷಿ ದೂರವಲ್ಲ. ಅಲ್ಲಿನ ವೀರಭದ್ರ ದೇವಾಲಯದ ಮೇಲ್ಛಾವಣಿಯಲ್ಲಿ ವಿಜಯನಗರ ಕಾಲದ ವರ್ಣಚಿತ್ರಗಳಿವೆ. ನಿಮ್ಮೂರಲ್ಲೊಂದು ವೀರಗಲ್ಲು ಇದ್ದರೂ ಸಾಕು. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ: ಕೆಳಗಿನಿಂದ ಮೇಲಕ್ಕೆ ನೋಡುವ ಕತೆ. ಅದರ ಮುಂದೆಯೂ ಅದೇ ಮೂರು ಪ್ರಶ್ನೆ ಕೇಳಿ.

ಅಕ್ಷರ, ಒತ್ತಕ್ಷರ ಕಲಿಸುವುದು ಶಿಕ್ಷಕರ ಕೆಲಸ. ಅದಕ್ಕೆ ಇದು ಬದಲಿಯಲ್ಲ. ಆದರೆ ತಾನು ಓದುವ ಭಾಷೆಯ ಬಗ್ಗೆ ಮನೆಯಲ್ಲಿ ಕೇಳುವವರಿದ್ದಾರೆ ಎಂದು ಮಗುವಿಗೆ ಗೊತ್ತಾಗಬೇಕು. ಅದನ್ನು ತಿಳಿಸಬಲ್ಲವರು ಮನೆಯವರೇ. ಇಂದು ಸಂಜೆ ಹತ್ತು ನಿಮಿಷ, ಒಂದು ಪುಟ, ಮೂರು ಪ್ರಶ್ನೆ. ಶುರು ಮಾಡಿ ನೋಡಿ.