ಬದಲಾದವರು ಹೋದರೋ, ಹೋದವರು ಬದಲಾದರೋ

1993ರಲ್ಲಿ ಜೊನಾಥನ್ ಹೈಟ್ ಎಂಬ ಅಮೆರಿಕದ ಯುವ ಮನೋವಿಜ್ಞಾನಿ ಮೂರು ತಿಂಗಳ ಮಟ್ಟಿಗೆ ಭುವನೇಶ್ವರಕ್ಕೆ ಬಂದು ಉಳಿದರು. ಸರಿ-ತಪ್ಪುಗಳನ್ನು ಜನ ಹೇಗೆ ತೀರ್ಮಾನಿಸುತ್ತಾರೆ ಎಂಬುದು ಅವರ ಸಂಶೋಧನೆಯ ವಿಷಯ. ಆತಿಥ್ಯಕ್ಕೇನೂ ಕೊರತೆ ಇರಲಿಲ್ಲ. ಊಟಕ್ಕೆ ಕರೆದ ಮನೆಗಳಲ್ಲಿ ಗಂಡಸರು ಕೂತು ಹರಟುತ್ತಿದ್ದರು. ಹೆಂಗಸರು ಮಾತಿಲ್ಲದೆ ಬಡಿಸಿ ಅಡುಗೆಮನೆಗೆ ಮರಳುತ್ತಿದ್ದರು. ಕೆಲಸದವರ ಜೊತೆ ಬಿಗಿಯಾಗಿರಿ, ಮಾತುಮಾತಿಗೆ ಥ್ಯಾಂಕ್ಸ್ ಹೇಳಬೇಡಿ ಎಂಬ ಬುದ್ಧಿವಾದವೂ ಸಿಕ್ಕಿತು. ಸಮಾನತೆಯೇ ಎಲ್ಲಕ್ಕಿಂತ ದೊಡ್ಡದೆಂದು ನಂಬಿ ಬೆಳೆದ ಹೈಟ್‌ಗೆ ಮೊದಲ ಕೆಲವು ವಾರ ಬರೀ ಕಸಿವಿಸಿ. ಆಮೇಲೆ ಅದು ಕರಗಿತು. ಯಾವ ಸಿದ್ಧಾಂತ ಓದಿಯೂ ಅಲ್ಲ. ಆ ಮನೆಯವರು ಅವರಿಗೆ ಇಷ್ಟವಾಗಿಬಿಟ್ಟಿದ್ದರು, ಅಷ್ಟೇ. ಇಷ್ಟವಾದವರ ಜಾಗದಲ್ಲಿ ನಿಂತು ನೋಡಿದಾಗ, ಒಬ್ಬೊಬ್ಬ ವ್ಯಕ್ತಿಗಿಂತ ಕುಟುಂಬ ದೊಡ್ಡದು, ಹಿರಿಯರ ಮಾತಿಗೆ ತೂಕವಿದೆ, ಮಡಿ-ಮೈಲಿಗೆಗೂ ಒಂದು ಒಳತರ್ಕವಿದೆ ಎಂದೆಲ್ಲ ಅರ್ಥವಾಗತೊಡಗಿತು. ಅಮೆರಿಕಕ್ಕೆ ಮರಳಿದ ಮೇಲೆ ಅಲ್ಲಿನ ಸಂಪ್ರದಾಯವಾದಿಗಳ ಮಾತೂ ಮೊದಲಿನಷ್ಟು ಅಸಂಬದ್ಧ ಅನ್ನಿಸಲಿಲ್ಲ. 2012ರಲ್ಲಿ ಬಂದ ‘ದಿ ರೈಟಿಯಸ್ ಮೈಂಡ್’ ಪುಸ್ತಕದಲ್ಲಿ ಹೈಟ್ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಓದಿದ ಭಾರತೀಯರಿಗೆ ಇಲ್ಲೊಂದು ಸಣ್ಣ ಮುಳ್ಳು ಚುಚ್ಚದೆ ಇರದು. ಕೆಲಸದವರಿಗೆ ಥ್ಯಾಂಕ್ಸ್ ಹೇಳದ, ಹೆಂಡತಿಯನ್ನು ಒಳಗೇ ಕೂರಿಸುವ ಪದ್ಧತಿಯಿಂದ ಬಿಡಿಸಿಕೊಳ್ಳಲು ನಮ್ಮಲ್ಲಿ ಎಷ್ಟೋ ಜನ ಹೆಣಗುತ್ತಿರುವಾಗ, ಅದಕ್ಕೆ ಒಗ್ಗಿಕೊಂಡದ್ದನ್ನು ದೃಷ್ಟಿ ವಿಶಾಲವಾದದ್ದು ಎನ್ನಬೇಕೋ ಬೇಡವೋ? ಪರದೇಶದ ವಾಸದಿಂದ ಮೌಲ್ಯ ಬದಲಾಯಿತು ಎಂದ ಮಾತ್ರಕ್ಕೆ ಉತ್ತಮವಾಯಿತು ಎಂದೇನಲ್ಲ.

ಬದಲಾಗುವುದಂತೂ ನಿಜ, ಅದೂ ನಾವು ಮೌಲ್ಯವೆಂದು ಲೆಕ್ಕಕ್ಕೇ ತೆಗೆದುಕೊಳ್ಳದ ಕಡೆ. ರಾಬರ್ಟ್ ಲೆವೈನ್ ಎಂಬ ಇನ್ನೊಬ್ಬ ಅಮೆರಿಕನ್ ಮನೋವಿಜ್ಞಾನಿ 1970ರ ದಶಕದಲ್ಲಿ ಬ್ರೆಜಿಲ್‌ನ ನಿತೆರೋಯ್ ನಗರಕ್ಕೆ ಪಾಠ ಹೇಳಲು ಹೋದರು. ಮೊದಲ ಕ್ಲಾಸು ಬೆಳಿಗ್ಗೆ ಹತ್ತರಿಂದ ಹನ್ನೆರಡು. ಹತ್ತೂವರೆ ದಾಟಿದ ಮೇಲೂ ಹುಡುಗರು ಬರುತ್ತಲೇ ಇದ್ದರು, ಇಬ್ಬರಂತೂ ಹನ್ನೊಂದರ ಹೊತ್ತಿಗೆ. ಯಾರ ಮುಖದಲ್ಲೂ ಅಳುಕಿಲ್ಲ. ಅದಕ್ಕಿಂತ ಸೋಜಿಗ ಆದದ್ದು ಹನ್ನೆರಡಕ್ಕೆ: ಎದ್ದು ಹೋದವರು ಕೆಲವರಷ್ಟೇ. ಹನ್ನೆರಡೂವರೆಗೂ ಉಳಿದವರು ಪ್ರಶ್ನೆ ಕೇಳುತ್ತ, ಚಪ್ಪಲಿ ಕಳಚಿ ಆರಾಮಾಗಿ ಕೂತಿದ್ದರು. ಲೆವೈನ್ ಇದನ್ನೇ ಸಂಶೋಧನೆಯ ವಿಷಯ ಮಾಡಿಕೊಂಡರು. ಗೆಳೆಯನೊಬ್ಬ ಊಟಕ್ಕೆ ಎಷ್ಟು ಹೊತ್ತು ಮೀರಿ ಬಂದರೆ ಅದು ‘ತಡ’? ಕ್ಯಾಲಿಫೋರ್ನಿಯಾದ ಫ್ರೆಸ್ನೊ ವಿದ್ಯಾರ್ಥಿಗಳು ಸರಾಸರಿ 19 ನಿಮಿಷ ಅಂದರು, ನಿತೆರೋಯ್‌ನವರು ಮೂವತ್ಮೂರೂವರೆ. ಯಾವಾಗಲೂ ತಡವಾಗಿ ಬರುವ ಮನುಷ್ಯ ಸಮಯಕ್ಕೆ ಸರಿಯಾಗಿ ಬರುವವನಿಗಿಂತ ಹೆಚ್ಚು ಯಶಸ್ವಿಯಾಗಿರಬೇಕು ಎಂಬುದು ಬ್ರೆಜಿಲ್‌ನವರ ಅಂದಾಜು. ದೊಡ್ಡವರು ಕಾಯಿಸುತ್ತಾರೆ, ಅಲ್ಲವೇ? (ನಮ್ಮ ಸಭೆಗಳಲ್ಲಿ ಮುಖ್ಯ ಅತಿಥಿಯನ್ನು ಕಾದು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಲೆವೈನ್ ಮುಂದೆ 31 ದೇಶಗಳಲ್ಲಿ ಜನರ ನಡಿಗೆಯ ವೇಗವನ್ನೂ ಅಂಚೆ ಕಚೇರಿಯ ಕೆಲಸದ ವೇಗವನ್ನೂ ಅಳೆಸಿದರು.

ಇಂಥ ಕಥೆಗಳಲ್ಲಿ ಒಂದು ತೊಡಕಿದೆ. ಬಡ ದೇಶದಲ್ಲಿ ಎರಡು ವರ್ಷ ಇದ್ದು ಬಂದವರನ್ನು ಕೇಳಿ: ‘ನನ್ನ ಬದುಕೇ ಬದಲಾಯಿತು’ ಎನ್ನುತ್ತಾರೆ. ಆದರೆ ಹೋದವರು ಯಾರು? ಆರಾಮದ ಕೆಲಸ ಬಿಟ್ಟು, ಗೊತ್ತಿಲ್ಲದ ಊರಿಗೆ ಹೊರಡುವ ಮನಸ್ಸು ಮೊದಲೇ ಇದ್ದವರು. ಮರಳಿ ಬಂದಾಗ ಅವರಲ್ಲಿ ಕಾಣುವ ಸರಳತೆ, ಪರರ ಕಾಳಜಿ ಹೊರಡುವ ಮುಂಚೆಯೇ ಇದ್ದಿರಬಹುದು. ಅಮೆರಿಕದ ಅಧ್ಯಕ್ಷ ಕೆನಡಿ 1961ರಲ್ಲಿ ಸ್ವಯಂಸೇವಕರನ್ನು ಹೊರದೇಶಗಳಿಗೆ ಕಳಿಸುವ ‘ಪೀಸ್ ಕೋರ್’ ಶುರುಮಾಡಿದಾಗ ಈ ಪ್ರಶ್ನೆಗೆ ಉತ್ತರ ಸಿಕ್ಕೀತೆಂಬ ಆಸೆ ಮನೋವಿಜ್ಞಾನಿಗಳಲ್ಲಿತ್ತು. ಮೊದಲ ತಂಡ ಘಾನಾದ ಶಾಲೆಗಳಲ್ಲಿ ಪಾಠ ಹೇಳಲು ಹೊರಟಿತು. ಬ್ರೂಸ್ಟರ್ ಸ್ಮಿತ್ ಎಂಬ ಮನೋವಿಜ್ಞಾನಿ ಆ ತಂಡದ ಬೆನ್ನು ಹತ್ತಿದರು. ಯಾರು ಅಲ್ಲಿ ಚೆನ್ನಾಗಿ ನಿಭಾಯಿಸಿಯಾರು ಎಂದು ಮನೋವೈದ್ಯರು ಮೊದಲೇ ಅಂಕ ಹಾಕಿಟ್ಟಿದ್ದರು. ಆ ಅಂಕಕ್ಕೂ ಘಾನಾದಲ್ಲಿ ಆ ಮೇಷ್ಟ್ರುಗಳು ನಿಜವಾಗಿ ಮಾಡಿದ ಕೆಲಸಕ್ಕೂ ತಾಳೆಯೇ ಆಗಲಿಲ್ಲ. ಯಾರು ಹೇಗಾಗುತ್ತಾರೆ ಎಂಬುದು ಹೋದ ಜಾಗದಲ್ಲಿ ತೀರ್ಮಾನವಾಗುವಂತೆ ಕಂಡಿತು. ಆದರೂ ಹೋಗದೆ ಉಳಿದವರ ಜೊತೆ ಹೋಲಿಸದ ಹೊರತು ಪುರಾವೆ ಗಟ್ಟಿಯಾಗದು.

ಹೊಸ ಔಷಧದ ಪರೀಕ್ಷೆಯಲ್ಲಿ ಯಾರಿಗೆ ಔಷಧ, ಯಾರಿಗೆ ಬರೀ ಸಕ್ಕರೆ ಗುಳಿಗೆ ಎಂದು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಪರದೇಶವಾಸಕ್ಕೂ ಹಾಗೆ ಚೀಟಿ ಎತ್ತುವವರು ಯಾರು? ಅಮೆರಿಕದ ಮಾರ್ಮನ್ ಚರ್ಚು ಹೆಚ್ಚುಕಡಿಮೆ ಅದನ್ನೇ ಮಾಡುತ್ತದೆ. ಆ ಪಂಥದ ಯುವಕರು ಎರಡು ವರ್ಷ, ಯುವತಿಯರು ಒಂದೂವರೆ ವರ್ಷ ಧರ್ಮಪ್ರಚಾರಕ್ಕೆ ಹೋಗುತ್ತಾರೆ. ಎಲ್ಲಿಗೆ ಎಂಬುದು ಅವರ ಕೈಯಲ್ಲಿಲ್ಲ. ಸಾಲ್ಟ್ ಲೇಕ್ ಸಿಟಿಯ ಮುಖ್ಯ ಕಚೇರಿಯಿಂದ ಪತ್ರ ಬರುತ್ತದೆ: ನಿನಗೆ ಜರ್ಮನಿ, ನಿನಗೆ ಘಾನಾ. ಒಂದೇ ನಂಬಿಕೆ, ಒಂದೇ ವಯಸ್ಸು, ಒಂದೇ ಬಗೆಯ ದಿನಚರಿ; ಊರು ಮಾತ್ರ ಬೇರೆ.

ಲೀ ಕ್ರಾಫರ್ಡ್ ಎಂಬ ಅರ್ಥಶಾಸ್ತ್ರಜ್ಞ ಹೀಗೆ ಹೋಗಿ ಬಂದವರನ್ನು ಸಮೀಕ್ಷೆಗೆ ಒಳಪಡಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕಕ್ಕೆ ಹೋದವರನ್ನು ಯುರೋಪಿಗೆ ಹೋದವರ ಜೊತೆ ಹೋಲಿಸಿದಾಗ, ಬಡ ದೇಶ ಕಂಡವರಲ್ಲಿ ಜಗತ್ತಿನ ಬಡತನ ಮತ್ತು ಅಭಿವೃದ್ಧಿಯ ಬಗ್ಗೆ ಆಸಕ್ತಿ ಹೆಚ್ಚಿತ್ತು. ಅಲ್ಲಿಗೆ ಸಿಹಿ ಸುದ್ದಿ ಮುಗಿಯಿತು. ಬಡ ದೇಶಗಳಿಗೆ ಸರ್ಕಾರ ಹೆಚ್ಚು ನೆರವು ಕೊಡಲಿ, ವಲಸಿಗರಿಗೆ ಬಾಗಿಲು ತೆರೆಯಲಿ ಎನ್ನುವುದರಲ್ಲಿ ಎರಡೂ ಗುಂಪಿಗೆ ವ್ಯತ್ಯಾಸವಿರಲಿಲ್ಲ. ಹೊರದೇಶದ ಕೆಲಸಕ್ಕೆ ಸ್ವಂತ ಜೇಬಿನಿಂದ ಕೊಡುವ ದೇಣಿಗೆಯಲ್ಲೂ ಸ್ವಯಂಸೇವೆಯಲ್ಲೂ ಇರಲಿಲ್ಲ. ಮನಸ್ಸು ಮಿಡಿಯಿತು, ಕೈ ಕದಲಲಿಲ್ಲ. ಎರಡು ವರ್ಷ ಬಡವರ ನಡುವೆ ಇದ್ದವರು ಹೀಗೇಕೆ?

ನನ್ನ ಅನುಮಾನ ಅವರು ಹೋದ ರೀತಿಯ ಮೇಲೆ. ಬೇರೆ ಬೇರೆ ಗುಂಪಿನ ಜನ ಬರೀ ಅಕ್ಕಪಕ್ಕ ಇದ್ದರೆ ಪೂರ್ವಗ್ರಹ ಕರಗುವುದಿಲ್ಲ ಎಂದು ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು. ಅದು ಕರಗಬೇಕಾದರೆ ಇಬ್ಬರ ಸ್ಥಾನ ಸಮನಾಗಿರಬೇಕು, ಗುರಿ ಒಂದೇ ಇರಬೇಕು, ಕೈಜೋಡಿಸಿ ಕೆಲಸ ಮಾಡಬೇಕು, ಮೇಲಿನವರ ಒಪ್ಪಿಗೆ ಇರಬೇಕು. ಬೋಧಿಸಲು ಬಂದವನಿಗೂ ಕೇಳಿಸಿಕೊಳ್ಳುವವನಿಗೂ ನಡುವೆ ಇಂಥ ಸಮಾನತೆ ಎಲ್ಲಿಂದ ಬರಬೇಕು? ಪೀಸ್ ಕೋರ್‌ಗೆ ಈ ಪಾಠ ಮೊದಲ ವರ್ಷವೇ ಸಿಕ್ಕಿತು. 1961ರ ಅಕ್ಟೋಬರ್‌ನಲ್ಲಿ ನೈಜೀರಿಯಾದ ಇಬಾದಾನ್‌ನ ಕಾಲೇಜಿನಲ್ಲಿದ್ದ ಸ್ವಯಂಸೇವಕಿಯೊಬ್ಬಳು ಊರಿನ ಗೆಳೆಯನಿಗೆ ಒಂದು ಪೋಸ್ಟ್‌ಕಾರ್ಡು ಬರೆದಳು. ಇಲ್ಲಿನ ಕೊಳಕು, ಬೀದಿಯಲ್ಲೇ ಅಡುಗೆ, ಬೀದಿಯಲ್ಲೇ ಬದುಕು ಎಂದೆಲ್ಲ ಬೆರಗಾಗಿ ತೋಡಿಕೊಂಡಿದ್ದಳು. ಕಾರ್ಡು ಅಂಚೆಗೆ ಬೀಳುವ ಮುಂಚೆ ಕಳೆದುಹೋಗಿ ಅಲ್ಲಿನ ವಿದ್ಯಾರ್ಥಿಗಳ ಕೈಸೇರಿತು. ಪ್ರತಿ ಮಾಡಿ ಹಂಚಿದರು, ಪ್ರತಿಭಟನೆಗೆ ಇಳಿದರು. ಆಕೆ ಕ್ಷಮೆ ಕೇಳಿ ದೇಶ ಬಿಡಬೇಕಾಯಿತು. ಕಾರ್ಡಿನಲ್ಲಿದ್ದುದು ಸುಳ್ಳೇನಲ್ಲ. ಆದರೆ ಅದು ಅಂಗಳದ ಆಚೆ ನಿಂತವರ ನೋಟ, ಅದೇ ಕಾಲೇಜಿನ ಊಟದ ಮನೆಯಲ್ಲಿ ಜೊತೆಗೆ ಕೂರುತ್ತಿದ್ದವರಿಗೆ ಅದು ಚುಚ್ಚಿತು.

ಸಮನಾಗಿ ಕೂತರೆ ಏನಾಗುತ್ತದೆ ಎಂದು ನೋಡಲು ವಿಮಾನ ಹತ್ತುವುದೇ ಬೇಡ. ದೆಹಲಿಯ ಸಿರಿವಂತರ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಒಂದಿಷ್ಟು ಸೀಟು ಕೊಡಲೇಬೇಕೆಂಬ ನಿಯಮ 2007ರ ಹೊತ್ತಿಗೆ ಜಾರಿಗೆ ಬಂತು. ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞ ಇದರ ಪರಿಣಾಮ ಅಳೆದರು. ಕೆಲವು ಶಾಲೆಗಳಲ್ಲಿ ಹೆಸರಿನ ಅಕ್ಷರಾನುಕ್ರಮದಲ್ಲೇ ಮಕ್ಕಳನ್ನು ಗುಂಪು ಮಾಡುತ್ತಿದ್ದರು. ಹಾಗಾಗಿ ಯಾವ ಸಿರಿವಂತ ಹುಡುಗನ ಪಕ್ಕ ಬಡ ಹುಡುಗ ಬರುತ್ತಾನೆ ಎಂಬುದು ಅಪ್ಪ-ಅಮ್ಮ ಇಟ್ಟ ಹೆಸರಿನ ಮೇಲೆ ನಿಂತಿತ್ತು! ಬಡ ಸಹಪಾಠಿಗಳಿದ್ದ ಸಿರಿವಂತ ಮಕ್ಕಳು ಹೆಚ್ಚು ಉದಾರಿಗಳಾಗಿದ್ದರು. ರಿಲೇ ಓಟಕ್ಕೆ ಜೊತೆಗಾರನನ್ನು ಆರಿಸುವಾಗ ಚೆನ್ನಾಗಿ ಓಡುವ ಬಡ ಹುಡುಗನನ್ನು ಬಿಟ್ಟು ನಿಧಾನದ ಸಿರಿವಂತನನ್ನು ಆರಿಸುವ ಚಾಳಿಯೂ ಅವರಲ್ಲಿ ಕಡಿಮೆಯಿತ್ತು. ಇಲ್ಲಿ ಕೈಯೂ ಕದಲಿದೆ.

ಇದೇ ಬಗೆಯ ಇನ್ನೊಂದು ಪುರಾವೆ ಹಜ್ ಯಾತ್ರೆಯದು. ಪಾಕಿಸ್ತಾನ ಸರ್ಕಾರ ಲಾಟರಿ ಎತ್ತಿ ಯಾತ್ರಿಕರನ್ನು ಆರಿಸುತ್ತಿತ್ತು. 2006ರ ಯಾತ್ರೆಗೆ ಲಾಟರಿ ಹತ್ತಿದವರೂ ಹತ್ತದವರೂ ಸೇರಿ 1,600ಕ್ಕೂ ಹೆಚ್ಚು ಜನರನ್ನು ಕ್ಲಿಂಗಿಂಗ್‌ಸ್ಮಿತ್, ಖ್ವಾಜಾ, ಕ್ರೆಮರ್ ಎಂಬ ಮೂವರು ಸಂಶೋಧಕರ ತಂಡ ತಿಂಗಳುಗಳ ನಂತರ ಮಾತನಾಡಿಸಿತು. ಹೋಗಿಬಂದವರಲ್ಲಿ ಬೇರೆ ಪಂಗಡ, ಬೇರೆ ಜನಾಂಗದವರ ಬಗ್ಗೆ ಸಹನೆ ಹೆಚ್ಚಿತ್ತು. ಹೆಣ್ಣುಮಕ್ಕಳ ಓದು, ದುಡಿಮೆಯನ್ನು ಒಪ್ಪುವ ಮನಸ್ಸೂ ಹೆಚ್ಚಿತ್ತು. ಎರಡು ವರ್ಷವಲ್ಲ, ಕೆಲವೇ ವಾರಗಳ ಯಾತ್ರೆ ಅದು. ಆದರೆ ಅಲ್ಲಿ ಎಲ್ಲ ದೇಶದ ಗಂಡಸರದೂ ಒಂದೇ ಬಿಳಿ ಬಟ್ಟೆ, ಎಲ್ಲರದೂ ಒಂದೇ ಸಾಲು.

ಹಾಗೆಂದು ಕಾಲಕ್ಕೆ ಬೆಲೆಯೇ ಇಲ್ಲವೆಂದಲ್ಲ. ಪರದೇಶದಲ್ಲಿದ್ದವರಿಗೆ ತಮ್ಮ ಬಗ್ಗೆ ತಮಗೇ ಹೆಚ್ಚು ಸ್ಪಷ್ಟತೆ ಬರುತ್ತದೆ ಎಂದು ಹಾಯೊ ಆಡಮ್ ಎಂಬ ಸಂಶೋಧಕರು ಮತ್ತು ಸಂಗಡಿಗರು 2018ರಲ್ಲಿ 1,874 ಜನರ ಮೇಲಿನ ಆರು ಅಧ್ಯಯನಗಳಲ್ಲಿ ಕಂಡರು. ‘ಇದು ನನ್ನದೇ ನಂಬಿಕೆಯೋ, ಮನೆಯಲ್ಲಿ ಹೇಳಿಕೊಟ್ಟದ್ದೋ’ ಎಂದು ಅಲ್ಲಿ ದಿನವೂ ತಮ್ಮನ್ನೇ ಕೇಳಿಕೊಳ್ಳಬೇಕಾಗುತ್ತದೆ. ಎಷ್ಟು ದೇಶ ಕಂಡರು ಎಂಬುದು ಇದಕ್ಕೆ ಲೆಕ್ಕಕ್ಕೆ ಬರಲಿಲ್ಲ, ಎಷ್ಟು ಕಾಲ ಇದ್ದರು ಎಂಬುದು ಬಂತು. ದೇಶ ಸುತ್ತುವವರಿಗಿಂತ ಒಂದೆಡೆ ನೆಲೆ ನಿಂತವರಿಗೇ ಲಾಭ.

ಮೇಲಿನವುಗಳಲ್ಲಿ ಪರದೇಶವಾಸದ ಕುರಿತ ಅಧ್ಯಯನಗಳು ಹೆಚ್ಚಾಗಿ ಪಶ್ಚಿಮದವರು ಪಶ್ಚಿಮದವರನ್ನೇ ಅಳೆದವು. ನಮ್ಮವರ ಲೆಕ್ಕ ಬೇರೆ. ಇಥಿಯೋಪಿಯಾದ ಶಾಲೆ, ಕಾಲೇಜುಗಳಿಗೆ ಭಾರತದಿಂದ ಹೋದ ಮೇಷ್ಟ್ರುಗಳ ದೊಡ್ಡ ಸಾಲೇ ಇದೆ, ಕನ್ನಡಿಗರೂ ಅದರಲ್ಲಿದ್ದಾರೆ. ಕರೆಂಟು ಹೋಗುವುದು, ನಲ್ಲಿಯಲ್ಲಿ ನೀರು ಬಾರದಿರುವುದು, ಬಸ್ಸು ತಡವಾಗುವುದು ಇವರಿಗೆ ಸುದ್ದಿಯೇ ಅಲ್ಲ. ಬಡತನ ನೋಡಿ ಕಣ್ಣು ತೆರೆಯಲು ಆಡಿಸ್ ಅಬಾಬಾವರೆಗೆ ಹೋಗಬೇಕಾಗಿಯೂ ಇಲ್ಲ. ಆದರೆ ಅಲ್ಲಿ ಊಟಕ್ಕೆ ಕೂತರೆ ಎಲ್ಲರಿಗೂ ಸೇರಿ ಒಂದೇ ದೊಡ್ಡ ತಟ್ಟೆ. ನಮ್ಮ ದೋಸೆಯಂತೆ ಹುಳಿ ಬರಿಸಿ ಹುಯ್ದ ಅಗಲವಾದ ಇಂಜೆರಾ, ಅದರ ಮೇಲೇ ಪಲ್ಯಗಳು. ಎಲ್ಲರ ಕೈಯೂ ಅದರಲ್ಲೇ. ಪ್ರೀತಿ ಹೆಚ್ಚಾದರೆ ಆತಿಥೇಯರು ತುತ್ತು ಕಟ್ಟಿ ನಿಮ್ಮ ಬಾಯಿಗೇ ಇಡುತ್ತಾರೆ, ಅದಕ್ಕೆ ‘ಗುರ್ಶಾ’ ಎನ್ನುತ್ತಾರೆ, ಬೇಡ ಎನ್ನುವುದು ಅಗೌರವ. ಎಂಜಲು-ಮುಸುರೆ ಎಂದು ಬೆಳೆದ ಮೇಷ್ಟ್ರಿಗೆ ನೀರಿಲ್ಲದ ನಲ್ಲಿಗಿಂತ ದೊಡ್ಡ ಪರೀಕ್ಷೆ ಇದು. ಇಂಥವರನ್ನು ಹೊರಡುವ ಮುಂಚೆ ಮತ್ತು ಮರಳಿದ ಮೇಲೆ ಮಾತನಾಡಿಸುವ ಅಧ್ಯಯನವೊಂದನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಂಡರೆ, ಪ್ರಶ್ನೆಗಳ ಪಟ್ಟಿ ಈ ತಟ್ಟೆಯಿಂದಲೇ ಶುರುವಾಗಲಿ. ಇಥಿಯೋಪಿಯನ್ನರ ಬಗ್ಗೆ ಈಗ ನಿಮ್ಮ ಅಭಿಪ್ರಾಯವೇನು ಎಂದು ಕೇಳಿ ಸುಮ್ಮನಾಗದೆ, ಊರಿನ ಮನೆಯಲ್ಲಿ ಕೆಲಸದಾಕೆಗೆ ಈಗ ಕಾಫಿ ಯಾವ ಲೋಟದಲ್ಲಿ ಕೊಡುತ್ತೀರಿ ಎಂದೂ ಕೇಳಲಿ.