ಬೆಳಗಾಗುವವರೆಗೆ ಕಾಯಬಾರದ ಕಾಯಿಲೆಗಳು

ಶಿವಮೊಗ್ಗದ ಕೋಟೆ ಭಾಗದ ಹೆಂಚಿನ ಮನೆಯಿರಲಿ, ಭದ್ರಾವತಿಯ ಹಳೇ ನಗರದ ತಾರಸಿ ಮನೆಯಿರಲಿ, ಮೀನು ಕೊಯ್ಯುವ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಒಂದು ಬೆಕ್ಕು ಕಾದು ಕುಳಿತಿರುತ್ತದೆ. ಹದೀಸ್ ಬೆಕ್ಕನ್ನು ಅಶುದ್ಧ ಪ್ರಾಣಿಯೆಂದು ಎಣಿಸುವುದಿಲ್ಲವಾದ್ದರಿಂದ ನಮ್ಮ ಮನೆಗಳಲ್ಲಿ ಅದಕ್ಕೆ ಸಲಿಗೆಯೂ ಹೆಚ್ಚು. ಇಷ್ಟು ಹತ್ತಿರವಿದ್ದರೂ ಅದರ ಕಾಯಿಲೆ ಮಾತ್ರ ನಮಗೆ ತಡವಾಗಿ ತಿಳಿಯುತ್ತದೆ. ಮಂಚದ ಕೆಳಗೆ ಮುದುಡಿ ಕುಳಿತಿದ್ದರೆ "ನಿದ್ದೆ ಮಾಡುತ್ತಿದೆ, ಬೆಳಗ್ಗೆ ನೋಡೋಣ" ಎನ್ನುತ್ತೇವೆ. ಕೆಲವು ಕಾಯಿಲೆಗಳಲ್ಲಿ ಆ ಒಂದು ರಾತ್ರಿಯೇ ಅದರ ಜೀವ ತೆಗೆಯುತ್ತದೆ.

ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಅದು ಇಲಿ ಹಿಡಿಯುವ ಬೇಟೆಗಾರನೂ ಹೌದು, ನಾಯಿಗಳಿಗೆ ತಾನೇ ಬೇಟೆಯೂ ಹೌದು. ಸೋತಂತೆ ಕಂಡರೆ ಅಪಾಯವೆಂಬುದು ಅದರ ಹುಟ್ಟುಗುಣದಲ್ಲೇ ಇದೆ. ಆದ್ದರಿಂದ ಅದು ನರಳಲಿ ಎಂದು ಕಾಯಬೇಡಿ. ದಿನವೂ ಕಾಲಿಗೆ ಸುತ್ತಿಕೊಳ್ಳುವ ಬೆಕ್ಕು ಇಂದು ಯಾರ ಹತ್ತಿರಕ್ಕೂ ಬರುತ್ತಿಲ್ಲ, ಮೈ ನೆಕ್ಕಿಕೊಳ್ಳುತ್ತಿಲ್ಲ, ಕರೆದರೆ ಕಿವಿ ತಿರುಗಿಸುತ್ತಿಲ್ಲ ಎಂದಾದರೆ ಅದೇ ಅದರ ನರಳಾಟ.

ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದದ್ದು ಗಂಡು ಬೆಕ್ಕಿನ ಮೂತ್ರ ಕಟ್ಟುವ ತೊಂದರೆ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಕಿರಿದು. ಮೂತ್ರದಲ್ಲಿ ಉಂಟಾಗುವ ಮರಳಿನಂತಹ ಹರಳು ಅಥವಾ ಲೋಳೆಯ ಗಂಟು ಅಲ್ಲಿ ಸಿಕ್ಕಿಕೊಂಡರೆ ದಾರಿ ಪೂರ್ತಿ ಮುಚ್ಚಿಹೋಗುತ್ತದೆ. ಬೆಕ್ಕು ಮರಳಿನ ತಟ್ಟೆಗೆ ಅಥವಾ ಅಂಗಳದ ಮೂಲೆಗೆ ಮತ್ತೆ ಮತ್ತೆ ಹೋಗಿ ಕೂರುತ್ತದೆ, ಮುಕ್ಕುತ್ತದೆ, ಕೂಗುತ್ತದೆ, ಎದ್ದು ಬಂದು ಹಿಂಭಾಗವನ್ನು ನೆಕ್ಕುತ್ತದೆ. ಬಂದರೆ ಒಂದೆರಡು ಹನಿ, ಅದರಲ್ಲೂ ಕೆಲವೊಮ್ಮೆ ರಕ್ತ. ಮನೆಯವರು ಇದನ್ನು ಮಲಬದ್ಧತೆ ಎಂದುಕೊಂಡು ಹರಳೆಣ್ಣೆಯನ್ನೋ ಬೆಣ್ಣೆಯನ್ನೋ ಕುಡಿಸುತ್ತಾರೆ. ಅಷ್ಟರಲ್ಲಿ ಮೂತ್ರಕೋಶ ತುಂಬಿ ಕಿತ್ತಳೆ ಹಣ್ಣಿನಂತೆ ಗಟ್ಟಿಯಾಗಿರುತ್ತದೆ, ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತಾ ಬರುತ್ತವೆ. ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಏರುತ್ತದೆ, ಕೊನೆಗೆ ಹೃದಯವನ್ನೇ ನಿಲ್ಲಿಸುತ್ತದೆ. ವಾಂತಿ ಶುರುವಾಗಿ ಬೆಕ್ಕು ಸೋತು ಮಲಗಿತೆಂದರೆ ಉಳಿದಿರುವುದು ಗಂಟೆಗಳ ಲೆಕ್ಕ. ಪೂರ್ತಿ ಕಟ್ಟಿದ ಮೇಲೆ ಒಂದೆರಡು ದಿನಗಳಲ್ಲೇ ಸಾವು ಬರಬಹುದು.

ಮನೆಯಲ್ಲಿ ಇದಕ್ಕೆ ಮದ್ದಿಲ್ಲ. ಹೊಟ್ಟೆ ಒತ್ತಿ ಮೂತ್ರ ಬರಿಸಲು ಹೋಗಬೇಡಿ, ತುಂಬಿದ ಮೂತ್ರಕೋಶ ಒಡೆಯಬಹುದು. ವೈದ್ಯರು ಮಂಪರು ಬರಿಸಿ ಸಣ್ಣ ನಳಿಕೆ ಹಾಕಿ ದಾರಿ ಬಿಡಿಸುತ್ತಾರೆ, ಡ್ರಿಪ್ ಕೊಡುತ್ತಾರೆ. ಬೇಗ ಕೊಂಡೊಯ್ದರೆ ಬಹುತೇಕ ಬೆಕ್ಕುಗಳು ಚೇತರಿಸಿಕೊಳ್ಳುತ್ತವೆ. ನಿಮ್ಮ ಗಂಡು ಬೆಕ್ಕು ಇವತ್ತು ಮೂತ್ರ ಮಾಡಿದೆಯೇ ಎಂಬ ಪ್ರಶ್ನೆಗೆ ಮನೆಯಲ್ಲಿ ಯಾರಾದರೂ ಒಬ್ಬರಿಗೆ ಉತ್ತರ ಗೊತ್ತಿರಬೇಕು. ಮಕ್ಕಳಿಗೆ ಈ ಕೆಲಸ ಒಪ್ಪಿಸಿ ನೋಡಿ, ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.

ಉಸಿರಾಟದ ವಿಷಯವೂ ಹೀಗೆಯೇ. ನಾಯಿ ಬಾಯಿ ತೆರೆದು ಏದುಸಿರು ಬಿಡುವುದು ಸಹಜ, ಬೆಕ್ಕು ಹಾಗಲ್ಲ. ಮಲಗಿರುವ ಬೆಕ್ಕು ನಿಮಿಷಕ್ಕೆ ಸುಮಾರು 20ರಿಂದ 30 ಬಾರಿ ಉಸಿರಾಡುತ್ತದೆ. ಎದೆ ಏರಿಳಿಯುವುದನ್ನು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ಸುಮ್ಮನೆ ಮಲಗಿದ್ದಾಗಲೂ ಮತ್ತೆ ಮತ್ತೆ 40 ದಾಟುತ್ತಿದ್ದರೆ, ಬಾಯಿ ತೆರೆದು ಉಸಿರೆಳೆಯುತ್ತಿದ್ದರೆ, ತುಟಿ ಎತ್ತಿ ನೋಡಿದಾಗ ಒಸಡು ತಿಳಿಗೆಂಪಿನ ಬದಲು ಬಿಳಿಚಿಕೊಂಡಿದ್ದರೆ ಅಥವಾ ನೀಲಿಗಟ್ಟಿದ್ದರೆ ತಕ್ಷಣ ಹೊರಡಿ. ತಾರಸಿಯಿಂದ ಬಿದ್ದ, ಬೈಕಿಗೆ ಸಿಕ್ಕಿದ ಬೆಕ್ಕು ಎದ್ದು ನಡೆದಾಡಿದರೂ ಒಮ್ಮೆ ತೋರಿಸುವುದು ಒಳ್ಳೆಯದು. ಎದೆಯೊಳಗಿನ ಪೆಟ್ಟು ಹೊರಗೆ ಕಾಣದು.

ಇನ್ನು ನಮ್ಮ ಔಷಧದ ಡಬ್ಬಿ. ಮಗುವಿಗೆ ಜ್ವರ ಬಂದರೆ ಕೊಡುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಇದು ಉತ್ಪ್ರೇಕ್ಷೆಯಲ್ಲ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ನಾಲ್ಕು ಕಿಲೋ ತೂಗುವ ಬೆಕ್ಕನ್ನು ಕೊಲ್ಲಲು 650 ಮಿಲಿಗ್ರಾಂನ ಒಂದೇ ಮಾತ್ರೆ ಸಾಕು. ಕೆಲವೇ ಗಂಟೆಗಳಲ್ಲಿ ರಕ್ತ ಪ್ರಾಣವಾಯುವನ್ನು ಹೊರಲಾರದಂತಾಗುತ್ತದೆ, ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದಗಳು ಊದುತ್ತವೆ. ಪ್ರತಿವಿಷ ಇದೆ, ಆದರೆ ಅದನ್ನು ಬೇಗ ಕೊಡಬೇಕು. ನಾಯಿಯ ಉಣ್ಣೆಗೆಂದು ಅಂಗಡಿಯಲ್ಲಿ ಸಿಗುವ ಪರ್ಮೆಥ್ರಿನ್ ಇರುವ ಔಷಧವನ್ನು ಬೆಕ್ಕಿಗೆ ಹಚ್ಚಿದರೂ ನಡುಕ, ಫಿಟ್ಸ್ ಬರುತ್ತವೆ. ಇಂತಹ ಯಾವುದೇ ಸಂದರ್ಭದಲ್ಲಿ, ಇಲಿ ಪಾಷಾಣ ತಿಂದಿರುವ ಅನುಮಾನವಿದ್ದರೂ ಅಷ್ಟೇ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮಾತ್ರೆಯ ಹಾಳೆಯನ್ನು ಅಥವಾ ಪಾಷಾಣದ ಪೊಟ್ಟಣವನ್ನು ಜೊತೆಗೆ ಒಯ್ಯಿರಿ. ಕೆಲವು ಇಲಿ ಪಾಷಾಣಗಳಲ್ಲಿ ರಕ್ತಸ್ರಾವ ಶುರುವಾಗುವುದು ಮೂರು ನಾಲ್ಕು ದಿನಗಳ ನಂತರ. ತಿಂದ ದಿನ ಬೆಕ್ಕು ಆಡಿಕೊಂಡಿದೆಯೆಂದು ನಂಬಿ ಕೂರಬೇಡಿ.

ಹೊಲಿಗೆ ಯಂತ್ರವಿರುವ ಮನೆಯವರಿಗೆ ಒಂದು ಮಾತು. ದಾರವೆಂದರೆ ಬೆಕ್ಕಿಗೆ ಆಟ, ಆಡುತ್ತಾ ನುಂಗಿಬಿಡುತ್ತದೆ. ದಾರದ ತುದಿ ಬಾಯಿಂದಲೋ ಹಿಂಭಾಗದಿಂದಲೋ ಇಣುಕುತ್ತಿದ್ದರೆ ಎಳೆಯಬೇಡಿ. ಇನ್ನೊಂದು ತುದಿಯಲ್ಲಿ ಸೂಜಿ ಇರಬಹುದು. ಇಲ್ಲದಿದ್ದರೂ ಬಿಗಿಯಾದ ದಾರ ಕರುಳನ್ನು ಕೊಯ್ಯುತ್ತದೆ.

ಮರಿ ಹಾಕುವ ಬೆಕ್ಕು ಅರ್ಧ ಗಂಟೆ ಬಲವಾಗಿ ಮುಕ್ಕಿದರೂ ಮರಿ ಬಾರದಿದ್ದರೆ ಅದೂ ತುರ್ತು. ಕೂದಲಿನ ಉಂಡೆಯನ್ನು ಒಮ್ಮೆ ಕಕ್ಕಿ ಮತ್ತೆ ಹಾಲಿಗೆ ಬಂದರೆ ಅದು ತುರ್ತಲ್ಲ. ಸಣ್ಣ ಗೀರು, ಒಂದು ಹೊತ್ತು ಊಟ ಬಿಟ್ಟಿದ್ದು, ಒಮ್ಮೆ ಭೇದಿಯಾಗಿದ್ದು ಬೆಳಗಿನವರೆಗೆ ಕಾಯಬಹುದು. ಆದರೆ ಇಡೀ ದಿನ ಏನನ್ನೂ ತಿನ್ನದಿದ್ದರೆ ಮರುದಿನ ತೋರಿಸಿ. ಹಲವು ದಿನ ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪಗಿರುವುದರ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿಕೊಂಡು ಹೊಸ ಕಾಯಿಲೆಯೇ ಶುರುವಾಗುತ್ತದೆ.

ಬೆಕ್ಕಿನ ಹೊರತಾಗಿ ನಮ್ಮ ಮನೆಗಳಿಗೆ ವರ್ಷಕ್ಕೊಮ್ಮೆ ಬರುವ ಅತಿಥಿ ಬಕ್ರೀದಿನ ಆಡು. ಹಬ್ಬಕ್ಕೆ ಕೆಲವು ವಾರ ಮುಂಚೆ ತಂದು ಕಟ್ಟುತ್ತೇವೆ, ಮಕ್ಕಳು ಹೆಸರಿಡುತ್ತಾರೆ. ಚೆನ್ನಾಗಿ ಮೈ ತುಂಬಲಿ ಎಂದು ಅಕ್ಕಿ, ಗೋಧಿ, ಉಳಿದ ಅನ್ನ, ರೊಟ್ಟಿ ಎಲ್ಲವನ್ನೂ ಬುಟ್ಟಿಗಟ್ಟಲೆ ಇಡುತ್ತೇವೆ. ಅಪಾಯ ಇರುವುದು ಈ ಪ್ರೀತಿಯಲ್ಲೇ. ಆಡಿನ ಮೆಲುಕಿನ ಹೊಟ್ಟೆ ಸೊಪ್ಪು ಹುಲ್ಲಿಗೆ ಹೊಂದಿಕೊಂಡದ್ದು. ಅಭ್ಯಾಸವಿಲ್ಲದ ಆಡು ಒಮ್ಮೆಲೇ ಕಾಳು, ಅನ್ನ ತಿಂದರೆ ಅದು ಹೊಟ್ಟೆಯಲ್ಲಿ ಹುಳಿತು ಆಮ್ಲವಾಗುತ್ತದೆ, ಆಮ್ಲ ರಕ್ತಕ್ಕೆ ಇಳಿಯುತ್ತದೆ. ಅರ್ಧ ದಿನದಿಂದ ಒಂದೂವರೆ ದಿನದೊಳಗೆ ಆಡು ಮೆಲುಕು ನಿಲ್ಲಿಸುತ್ತದೆ, ಹಲ್ಲು ಕಡಿಯುತ್ತದೆ, ಹುಳಿ ವಾಸನೆಯ ನೀರುಭೇದಿ ಮಾಡುತ್ತದೆ, ಕುಡಿದವರಂತೆ ತೂರಾಡುತ್ತದೆ, ಮಲಗಿದರೆ ಏಳುವುದಿಲ್ಲ. ಎಡ ಪಕ್ಕೆಯ ಹಿಂದಿನ ಗುಳಿ ಉಬ್ಬಿ, ಬೆರಳಿನಿಂದ ತಟ್ಟಿದರೆ ನಗಾರಿಯಂತೆ ಸದ್ದು ಬರುತ್ತಿದ್ದರೆ ಅದು ಗಾಳಿ ತುಂಬಿದ ಉಬ್ಬರ. ಅದರಲ್ಲಿ ಗಂಟೆಗಳಲ್ಲೇ ಉಸಿರುಗಟ್ಟಬಹುದು. ಮೇವು ತೆಗೆದುಬಿಡಿ, ಮುಂಗಾಲು ಎತ್ತರಕ್ಕೆ ಬರುವಂತೆ ನಿಲ್ಲಿಸಿ, ವೈದ್ಯರಿಗೆ ಫೋನ್ ಮಾಡಿ. ನೆಲಕ್ಕೆ ಬಿದ್ದ ಆಡಿನ ಬಾಯಿಗೆ ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ಕಾಳು ಹೆಚ್ಚು ತಿಂದ ಹೋತಗಳಿಗೆ, ಅದರಲ್ಲೂ ಬೀಜ ಒಡೆದವುಗಳಿಗೆ, ಬೆಕ್ಕಿನಂತೆಯೇ ಹರಳು ಸಿಕ್ಕಿ ಮೂತ್ರ ಕಟ್ಟುತ್ತದೆ. ಬೆನ್ನು ಬಾಗಿಸಿ, ಬಾಲ ಅಲ್ಲಾಡಿಸುತ್ತಾ ಮುಕ್ಕುತ್ತಿದ್ದು ನೆಲ ಒದ್ದೆಯಾಗದಿದ್ದರೆ ಇದೇ ಅನುಮಾನ. ಕಾಯಿಲೆ ಎದ್ದು ಕಾಣುವ ಪ್ರಾಣಿ ಕುರ್ಬಾನಿಗೂ ಸಲ್ಲದು. ಚಿಕಿತ್ಸೆ ಮಾಡಿಸಿ ಗುಣವಾಗಿದ್ದರೆ, ಕೊಟ್ಟ ಔಷಧದ ಅಂಶ ಮಾಂಸದಿಂದ ಹೋಗಲು ಎಷ್ಟು ದಿನ ಬೇಕೆಂದು ವೈದ್ಯರನ್ನೇ ಕೇಳಿ. ಈ ಪ್ರಶ್ನೆಯನ್ನು ನಾವು ಕೇಳುವುದು ಅಪರೂಪ.

ಕೊಂಡೊಯ್ಯುವುದೆಲ್ಲಿಗೆ ಎಂಬುದನ್ನು ಪ್ರಾಣಿ ಚೆನ್ನಾಗಿರುವಾಗಲೇ ವಿಚಾರಿಸಿಡಿ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಭದ್ರಾವತಿಯಿಂದ ಅಲ್ಲಿಗೆ ಸುಮಾರು 20 ಕಿಲೋಮೀಟರ್. ಕುರಿ, ಆಡು, ಹಸುಗಳಿಗೆ ಮನೆ ಬಾಗಿಲಿಗೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ 1962. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯ ಸಮಯ ಕೇಳಿಕೊಳ್ಳಿ, ರಾತ್ರಿ ಫೋನ್ ಎತ್ತುವ ಒಬ್ಬ ವೈದ್ಯರ ನಂಬರ್ ಬರೆದಿಡಿ. ಹೊರಡುವ ಮುನ್ನ ಫೋನ್ ಮಾಡಿ ಪ್ರಾಣಿಯ ತೂಕ, ತೊಂದರೆ ಶುರುವಾದ ಹೊತ್ತು, ಕೊನೆಯ ಬಾರಿ ಮೂತ್ರ ಮಾಡಿದ್ದು ಯಾವಾಗ, ಏನು ತಿಂದಿದೆ ಎಂಬುದನ್ನು ಹೇಳಿ. ಬೆಕ್ಕನ್ನು ತೋಳಲ್ಲಿ ಎತ್ತಿಕೊಂಡು ಸ್ಕೂಟರ್ ಹತ್ತಬೇಡಿ. ಮುಚ್ಚಳವಿರುವ ಬುಟ್ಟಿ ಅಥವಾ ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬಿ ಸಾಕು, ಒಳಗೆ ಹಳೆಯ ಟವೆಲ್ ಹಾಸಿ.

ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೇ ಕಚ್ಚುತ್ತದೆ. ಅದಕ್ಕಿಂತ ಮುಖ್ಯವಾಗಿ, ಜೊಲ್ಲು ಸುರಿಸುತ್ತಾ ನುಂಗಲಾಗದೆ ಒದ್ದಾಡುವ, ಇದ್ದಕ್ಕಿದ್ದಂತೆ ಮೇಲೆರಗುವ ಪ್ರಾಣಿಗೆ ಗಂಟಲಲ್ಲಿ ಮುಳ್ಳು ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕಬೇಡಿ, ಅದು ರೇಬೀಸ್ ಇರಬಹುದು. ಕೋಣೆಯಲ್ಲಿ ಕೂಡಿಹಾಕಿ ವೈದ್ಯರನ್ನು ಕೇಳಿ. ಯಾರಿಗಾದರೂ ಕಚ್ಚಿದ್ದರೆ, ಪರಚಿದ್ದರೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಅದೇ ದಿನ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಹೋಗಿ ಚುಚ್ಚುಮದ್ದು ಶುರು ಮಾಡಿಸಿ, ಹೇಳಿದ ಅಷ್ಟೂ ದಿನಾಂಕಗಳಿಗೆ ತಪ್ಪದೆ ಹೋಗಿ.