ನಿಮಗಿದು ಗೊತ್ತೇ? ವಸ್ತಿ ಬಸ್ಸಿನ ಲೆಕ್ಕ

● ಧಾರವಾಡ ಜಿಲ್ಲೆಯ ಕುಂದಗೋಳಕ್ಕೆ ರೈಲು ಇದೆ, ಅಣ್ಣಿಗೇರಿಗೆ ಇದೆ, ಅಳ್ನಾವರಕ್ಕೂ ಇದೆ. ನವಲಗುಂದಕ್ಕೆ ಇಲ್ಲ, ಕಲಘಟಗಿಗೂ ಇಲ್ಲ. ಈ ಎರಡು ಊರಿನವರಿಗೆ ಪರಊರಿಗೆ ಹೊರಡುವುದೆಂದರೆ ಬಸ್ ಸ್ಟ್ಯಾಂಡಿಗೆ ಹೋಗುವುದೇ.

● ನವಲಗುಂದ ಬಯಲುಸೀಮೆಯ ಎರೆಭೂಮಿ, ಕಲಘಟಗಿ ಮಲೆನಾಡಿನ ಸೆರಗು. ಆದರೂ ಇವೆರಡೂ ಒಂದೇ ರಸ್ತೆಯ ಮೇಲಿವೆ. ಪಂಜಾಬಿನ ಸಂಗ್ರೂರಿನಿಂದ ಅಂಕೋಲಾದವರೆಗಿನ ರಾಷ್ಟ್ರೀಯ ಹೆದ್ದಾರಿ 52 ವಿಜಯಪುರ ದಾಟಿ, ನರಗುಂದ, ನವಲಗುಂದ, ಹುಬ್ಬಳ್ಳಿ ಮುಟ್ಟಿ, ಕಲಘಟಗಿಯ ಮೇಲೆ ಹಾಯ್ದು ಯಲ್ಲಾಪುರದ ಕಾಡಿಗೆ ಇಳಿಯುತ್ತದೆ. ಹುಬ್ಬಳ್ಳಿಯಿಂದ ಉತ್ತರದ ತುಂಡಿಗೆ ಮೊದಲು 218 ಎಂಬ ಸಂಖ್ಯೆ ಇತ್ತು, ಪಶ್ಚಿಮದ ತುಂಡಿಗೆ 63. ಹಿರಿಯ ಡ್ರೈವರುಗಳು ಇಂದಿಗೂ ಹಳೆಯ ಸಂಖ್ಯೆಯಲ್ಲೇ ಮಾತಾಡುತ್ತಾರೆ.

● ‘ಬಸ್’ ಎಂಬ ಶಬ್ದ ಒಂದು ವಿಭಕ್ತಿ ಪ್ರತ್ಯಯ ಎಂದರೆ ನಂಬುತ್ತೀರಾ? ಲ್ಯಾಟಿನ್‌ನ ‘ಓಮ್ನಿಬಸ್’ ಅಂದರೆ ‘ಎಲ್ಲರಿಗಾಗಿ’. ಫ್ರಾನ್ಸಿನ ನಾಂತ್ ಪಟ್ಟಣದಲ್ಲಿ 1826ರಲ್ಲಿ ಓಡಿದ ಕುದುರೆಗಾಡಿಗೆ ಆ ಹೆಸರು ಅಂಟಿತು. ಕಾಲಾಂತರದಲ್ಲಿ ಮುಂದಿನ ಭಾಗ ಉದುರಿ ಬಾಲವಷ್ಟೇ ಉಳಿಯಿತು. ‘ಎಲ್ಲರಿಗೆ’ ಎನ್ನುವುದರಲ್ಲಿ ‘ಎಲ್ಲರು’ ಹೋಗಿ ‘ಗೆ’ ಉಳಿದ ಹಾಗೆ.

● ಅದಕ್ಕೂ ಮುಂಚೆ, 1662ರಲ್ಲಿ, ಪ್ಯಾರಿಸ್ಸಿನಲ್ಲಿ ಗೊತ್ತಾದ ಮಾರ್ಗ, ಗೊತ್ತಾದ ದರದ ಗಾಡಿಗಳನ್ನು ಓಡಿಸಿದವನು ಗಣಿತಜ್ಞ ಬ್ಲೇಸ್ ಪಾಸ್ಕಲ್. ಆದರೆ ಸೈನಿಕರು, ಕೂಲಿಯವರು ಹತ್ತಕೂಡದು ಎಂದು ಅಲ್ಲಿನ ನ್ಯಾಯಸಭೆ ತಡೆ ಹಾಕಿತು. ಕೆಲವೇ ವರ್ಷಗಳಲ್ಲಿ ಆ ಗಾಡಿಗಳು ನಿಂತೇ ಹೋದವು.

● ಮುಂಬಯಿ ಪ್ರಾಂತ, ಮೈಸೂರು ಎರಡೂ ಕಡೆ ಸರ್ಕಾರಿ ಬಸ್ಸಿನ ಚರಿತ್ರೆ ಶುರುವಾಗುವುದು ಒಂದೇ ವರ್ಷ. 1948ರ ಜೂನ್ 1ರಂದು ಮುಂಬಯಿ ಪ್ರಾಂತದ ಬಸ್ಸು ಪುಣೆ–ಅಹಮದ್‌ನಗರ ನಡುವೆ ಓಡಿತು. ಅದೇ ವರ್ಷದ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ತನ್ನ ಸಾರಿಗೆ ಇಲಾಖೆ ತೆರೆಯಿತು. ಧಾರವಾಡ ಜಿಲ್ಲೆ ಆಗ ಮುಂಬಯಿ ಕಡೆ ಇತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಊರುಗಳ ಜೊತೆಗೆ ಬಸ್ಸು, ಡಿಪೋ, ನೌಕರರೂ ಮೈಸೂರಿನ ಲೆಕ್ಕಕ್ಕೆ ಬಂದವು.

● ಹುಬ್ಬಳ್ಳಿ ಕೇಂದ್ರವಾಗಿರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಹುಟ್ಟಿದ ದಿನ ರಾಜ್ಯೋತ್ಸವ: 1997ರ ನವೆಂಬರ್ 1. ಬೆಳಗಾವಿ, ಧಾರವಾಡ, ಗದಗ, ಹಾವೇರಿ, ಬಾಗಲಕೋಟೆ, ಉತ್ತರ ಕನ್ನಡ ಇದರ ಜಿಲ್ಲೆಗಳು. ಹಳೆಯ ಮುಂಬಯಿ ಕರ್ನಾಟಕದ ವಿಜಯಪುರ ಮಾತ್ರ ಕಲಬುರಗಿ ಕೇಂದ್ರದ ಸಂಸ್ಥೆಗೆ ಸೇರಿದೆ. ಹುಬ್ಬಳ್ಳಿ–ವಿಜಯಪುರ ದಾರಿಯಲ್ಲಿರುವ ನವಲಗುಂದದ ಸ್ಟ್ಯಾಂಡಿನಲ್ಲಿ ಎರಡು ಸಂಸ್ಥೆಗಳ ಬಸ್ಸು ಅಕ್ಕಪಕ್ಕ ನಿಲ್ಲುವುದು ಇದೇ ಕಾರಣಕ್ಕೆ.

● ನಂಬರ್ ಪ್ಲೇಟಿನಲ್ಲಿ ಕೆಎ 25 ಅಥವಾ ಕೆಎ 63ರ ಮುಂದೆ ‘ಎಫ್’ ಅಕ್ಷರ ಇದ್ದರೆ ಅದು ಸರ್ಕಾರಿ ಸಾರಿಗೆಯ ಗಾಡಿ. 25 ಧಾರವಾಡದ್ದು, 63 ಹುಬ್ಬಳ್ಳಿಯದು.

● ಈಗ ವಸ್ತಿ ಬಸ್ಸಿನ ಮಾತು. ಇಡೀ ಅಂಕಣ ಇದಕ್ಕೇ ಕೊಟ್ಟರೂ ನನಗೆ ಸಾಲದು. ಸಂಜೆ ಕಡೇ ಟ್ರಿಪ್ ಹೊಡೆದು ಹಳ್ಳಿಯಲ್ಲೇ ರಾತ್ರಿ ತಂಗಿ, ಬೆಳಿಗ್ಗೆ ಮೊದಲ ಟ್ರಿಪ್ ಅಲ್ಲಿಂದಲೇ ಹೊರಡುವ ಗಾಡಿ ಇದು. ದಕ್ಷಿಣದ ಕಡೆ ‘ಹಾಲ್ಟ್’ ಎನ್ನುತ್ತಾರೆ, ನಮ್ಮ ಕಡೆ ವಸ್ತಿ. ಬಸ್ಸು ಹಳ್ಳಿಯಲ್ಲಿ ಯಾಕೆ ಮಲಗಬೇಕು? ಲೆಕ್ಕ ಹಾಕಿ ನೋಡಿ. ಡಿಪೋದಿಂದ ಹಳ್ಳಿ 20 ಕಿ.ಮೀ. ದೂರವಿದೆ ಎನ್ನೋಣ. ರಾತ್ರಿ ಜನರನ್ನು ಇಳಿಸಿ ಖಾಲಿ ವಾಪಸು ಬಂದರೆ 20, ನಸುಕಿನಲ್ಲಿ ಮತ್ತೆ ಖಾಲಿ ಹೋದರೆ 20. ಈ ಖಾಲಿ ಓಟಕ್ಕೆ ಸಾರಿಗೆಯವರು ‘ಡೆಡ್ ಕಿಲೋಮೀಟರ್’ ಎನ್ನುತ್ತಾರೆ. ಬಸ್ಸು ಒಂದು ಲೀಟರ್ ಡೀಸೆಲ್‌ಗೆ ಓಡುವುದು ಸುಮಾರು ಐದು ಕಿ.ಮೀ. ಅಂದರೆ ದಿನಕ್ಕೆ ಎಂಟು ಲೀಟರ್, ವರ್ಷಕ್ಕೆ 2,920 ಲೀಟರ್ ಯಾರನ್ನೂ ಹತ್ತಿಸಿಕೊಳ್ಳದೆ ಉರಿದುಹೋಗುತ್ತದೆ. ಇಷ್ಟು ಉಳಿಯುವುದು ಒಬ್ಬ ಡ್ರೈವರ್ ಮತ್ತು ಒಬ್ಬ ಕಂಡಕ್ಟರ್ ಗುಡಿಯ ಪೌಳಿಯಲ್ಲೋ, ಬಸ್ಸಿನ ಸೀಟಿನ ಮೇಲೋ ಹಾಸಿಗೆ ಬಿಚ್ಚಿ ಮಲಗುವುದರಿಂದ. ಆ ದಿನದ ಟಿಕೆಟ್ ಹಣವೂ ಕಂಡಕ್ಟರನ ತಲೆದಿಂಬಿನ ಕೆಳಗೇ ಇರುತ್ತದೆ.

● ವಸ್ತಿ ಗಾಡಿ ಇರುವ ಊರಲ್ಲಿ ಬೆಳೆದವರಿಗೆ ಗಡಿಯಾರದ ಹಂಗಿಲ್ಲ. ನಸುಕಿನಲ್ಲಿ ಬಸ್ಸು ಹೊರಡುವ ಮುನ್ನ ಹಲವು ನಿಮಿಷ ನಿಂತಲ್ಲೇ ಗುರುಗುಡುತ್ತದಲ್ಲ, ಅದು ಇಂಜಿನ್ ಕಾಯಿಸಲು ಮಾತ್ರ ಎಂದುಕೊಂಡಿದ್ದೀರಾ? ಬಸ್ಸಿನ ಬ್ರೇಕು ನಡೆಯುವುದು ಒತ್ತಿದ ಗಾಳಿಯಿಂದ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಗಾಳಿ ಇಳಿದಿರುತ್ತದೆ. ಕಂಪ್ರೆಸರ್ ಟ್ಯಾಂಕು ತುಂಬಿ, ಡ್ರೈವರನ ಎದುರಿನ ಗಾಳಿ ಮುಳ್ಳು ಮೇಲೇರುವವರೆಗೆ ಗಾಡಿ ಬಿಡುವ ಹಾಗಿಲ್ಲ. ಅಷ್ಟರಲ್ಲಿ ಕಂಡಕ್ಟರ್ ಹಳೇ ಪೇಪರಿನಿಂದ ಮುಂದಿನ ಗಾಜಿನ ಮಂಜು ಒರೆಸುತ್ತಾನೆ, ಹಾಲಿನ ಕ್ಯಾನು ಹಿಂದಿನ ಬಾಗಿಲಿಗೆ ಬಂದಿರುತ್ತದೆ. ಗಾಳಿ ತುಂಬಿದ ಮೇಲೆ ‘ಟುಸ್’ ಎಂದು ಒಂದು ಸದ್ದು. ಅದು ಕೇಳಿದೊಡನೆ ಓಣಿಯ ಕಾಲೇಜು ಹುಡುಗಿಯರು ಚಪ್ಪಲಿ ಮೆಟ್ಟಿ ಓಡಲು ಶುರು.

● ಬಸ್ಸಿಗೆ ಆರು ಟಯರ್: ಮುಂದೆ ಎರಡು, ಹಿಂದೆ ನಾಲ್ಕು. ಸವೆದ ಟಯರಿಗೆ ಹೊಸ ರಬ್ಬರ್ ಹೊದಿಸುವುದಕ್ಕೆ ರಿಟ್ರೆಡಿಂಗ್ ಎನ್ನುತ್ತಾರೆ. ಸಾರಿಗೆ ಸಂಸ್ಥೆಗಳ ರೂಢಿಯಂತೆ ಹೊಸ ಟಯರ್ ಮುಂದಕ್ಕೆ, ರಿಟ್ರೆಡ್ ಮಾಡಿದ್ದು ಹಿಂದಕ್ಕೆ. ಮುಂದಿನದು ಸಿಡಿದರೆ ಸ್ಟೇರಿಂಗ್ ಕೈತಪ್ಪುತ್ತದೆ, ಹಿಂದಿನ ಜೋಡಿಯಲ್ಲಿ ಒಂದು ಹೋದರೆ ಇನ್ನೊಂದು ಭಾರ ಹೊರುತ್ತದೆ.

● ಯಾವ ಗಾಡಿ, ಎಷ್ಟು ಹೊತ್ತಿಗೆ, ಎಲ್ಲಿಂದ, ಎಷ್ಟು ಕಿ.ಮೀ., ಊಟಕ್ಕೆ ಎಲ್ಲಿ ನಿಲುಗಡೆ ಎಂಬುದೆಲ್ಲ ಇರುವ ಹಾಳೆಗೆ ಸಾರಿಗೆ ನೌಕರರು ‘ಫಾರ್ಮ್ 4’ ಎನ್ನುತ್ತಾರೆ. ಒಂದು ಷೆಡ್ಯೂಲಿನ ಜಾತಕವೇ ಅದು.

● ಹುಬ್ಬಳ್ಳಿಯ ಟ್ರಾಫಿಕ್ ಜಾಮ್ ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯ ಬಸ್ಸನ್ನು ಕಸಿಯಬಲ್ಲದು. ಹೇಗೆ ಗೊತ್ತೇ? ಹುಬ್ಬಳ್ಳಿ–ನವಲಗುಂದ ನಡುವೆ ಬಸ್ಸಿಗೆ ಒಂದು ತಾಸು ಹಿಡಿಯುತ್ತದೆ, ಎರಡೂ ತುದಿಯಲ್ಲಿ ಕಾಲು ತಾಸು ನಿಲ್ಲುತ್ತದೆ ಎಂದು ಹಿಡಿಯಿರಿ. ಹೋಗಿ ಬಂದು ಮತ್ತೆ ಹೊರಡಲು ಸಿದ್ಧವಾಗಲು 150 ನಿಮಿಷ ಬೇಕು. ಹದಿನೈದು ನಿಮಿಷಕ್ಕೊಂದು ಬಸ್ಸು ಬಿಡಬೇಕಾದರೆ 150ನ್ನು 15ರಿಂದ ಭಾಗಿಸಿ: ಹತ್ತು ಗಾಡಿ ಸಾಕು. ಊರೊಳಗಿನ ದಟ್ಟಣೆಯಲ್ಲಿ ಹೋಗುವಾಗ ಕಾಲು ತಾಸು, ಬರುವಾಗ ಕಾಲು ತಾಸು ತಡವಾಯಿತು ಎನ್ನಿ. 150 ಹೋಗಿ 180 ಆಯಿತು, ಹತ್ತು ಗಾಡಿ ಹೋಗಿ ಹನ್ನೆರಡು ಬೇಕಾಯಿತು. ಪ್ರಯಾಣಿಕ ಒಬ್ಬನೂ ಹೆಚ್ಚಿಲ್ಲ, ಟ್ರಿಪ್ ಒಂದೂ ಹೆಚ್ಚಿಲ್ಲ. ಆ ಎರಡು ಗಾಡಿ ಎಲ್ಲಿಂದ ಬರಬೇಕು? ಡಿಪೋದಲ್ಲಿ ಹೆಚ್ಚಿನ ಗಾಡಿ ಇಲ್ಲದಿದ್ದರೆ ದಿನಕ್ಕೆ ಎರಡೇ ಸಲ ಬಸ್ಸು ಕಾಣುವ ಒಳರಸ್ತೆಯ ಊರಿನ ಮೇಲೆಯೇ ಕಣ್ಣು ಬೀಳುತ್ತದೆ. ನಗರದ ರಸ್ತೆಯಲ್ಲಿ ಬಸ್ಸಿಗೆ ದಾರಿ ಬಿಡುವುದು ಹಳ್ಳಿಯ ಪ್ರಶ್ನೆಯೂ ಹೌದು ಎಂದು ನಾನು ಹೇಳುವುದು ಇದಕ್ಕೇ.

● ಬಸ್ಸಿಗೇ ಬೇರೆ ದಾರಿ ಎಂಬ ವಿಚಾರವನ್ನು 1974ರಲ್ಲಿ ಬ್ರೆಜಿಲ್‌ನ ಕುರಿಚಿಬಾ ನಗರ ಮಾಡಿ ತೋರಿಸಿತು. ಅದರ ನಮ್ಮ ರೂಪ ಹುಬ್ಬಳ್ಳಿ–ಧಾರವಾಡದ ಬಿಆರ್‌ಟಿಎಸ್. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಓಡಲು ಶುರುವಾದ ಈ ಸೇವೆಯನ್ನು 2020ರ ಫೆಬ್ರುವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಉದ್ಘಾಟಿಸಿದರು. ನಿಲ್ದಾಣಗಳು ರಸ್ತೆಯ ನಟ್ಟನಡುವೆ ಇರುವುದರಿಂದ ಬಲಗಡೆ ಬಾಗಿಲು. ಹೆಸರು ‘ಚಿಗರಿ’. ಈ ಸೀಮೆಯ ಎರೆಹೊಲಗಳಲ್ಲಿ ನೆಗೆಯುವ ಕೃಷ್ಣಮೃಗಕ್ಕೆ ನಮ್ಮವರು ಕರೆಯುವ ಹೆಸರನ್ನೇ ಇಟ್ಟದ್ದು ನನಗೆ ಬಹಳ ಹಿಡಿಸಿದ ಸಂಗತಿ.

● ನವಲಗುಂದದ ಸುತ್ತ ಹರಿಯುವ ಹಳ್ಳಗಳ ಹೆಸರು ಬೆಣ್ಣಿಹಳ್ಳ, ತುಪ್ಪರಿಹಳ್ಳ. ಹೆಸರಿಗೆ ಬೆಣ್ಣೆ, ತುಪ್ಪ. ಮಳೆಗಾಲದಲ್ಲಿ ದಂಡೆ ಮೀರಿ ಹೊಲ ನುಂಗಿ ಸೇತುವೆಯ ಮೇಲೆ ಹರಿಯುತ್ತವೆ. ಹಳ್ಳ ಬಂದ ದಿನ ಆಚೆ ದಂಡೆಯಲ್ಲಿ ವಸ್ತಿ ಇದ್ದ ಗಾಡಿ ಅಲ್ಲೇ. ಆ ದಿನ ಈಚೆ ಊರಿನ ಮಕ್ಕಳಿಗೆ ಶಾಲೆಯೂ ಇಲ್ಲ.

● ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲಿನ ಡಾಂಬರು ಎಷ್ಟೇ ಗಟ್ಟಿ ಇರಲಿ, ಬುನಾದಿ ಸರಿಯಿಲ್ಲದಿದ್ದರೆ ರಸ್ತೆ ಅಲೆಯಲೆಯಾಗಿ ಏಳುತ್ತದೆ. ಅದರ ಪೆಟ್ಟು ಬೀಳುವುದು ಬಸ್ಸಿನ ಸ್ಪ್ರಿಂಗ್ ಪಾಟಾಗಳ ಮೇಲೆ, ಪ್ರಯಾಣಿಕರ ಬೆನ್ನಿನ ಮೇಲೆ.

● ಹೋಳಿ ಹುಣ್ಣಿಮೆಯ ಹೊತ್ತಿಗೆ ನವಲಗುಂದದ ಬಸ್ಸುಗಳಿಗೆ ಎರಡು ಕಡೆಯ ಒತ್ತಡ. ಪಟ್ಟಣದಲ್ಲಿ ಬೇಡಿದ್ದು ಕೊಡುವನೆಂದು ಜನ ನಂಬಿದ ರಾಮಲಿಂಗ ಕಾಮಣ್ಣನ ದರ್ಶನ. ಅದರ ಬೆನ್ನಿಗೇ ಬೆಣ್ಣಿಹಳ್ಳದ ದಂಡೆಯ ಯಮನೂರಿನಲ್ಲಿ ಹಿಂದೂ–ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ರಾಜಾಬಾಗಸವಾರನ ಉರುಸು. ಇನ್ನು ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡ ಇದ್ದೇ ಇದೆ. ಜಾತ್ರೆಯ ಬಸ್ಸಿಗೆ ಒಂದು ವಿಚಿತ್ರ ಲಕ್ಷಣ: ಹೋಗುವಾಗ ತುಂಬಿ ತುಳುಕಿದರೆ ಬರುವಾಗ ಖಾಲಿ, ಮರುದಿನ ಅದರ ಉಲ್ಟಾ. ಹೀಗಾಗಿ ಒಂದು ಪಾಲು ಓಟ ಖಾಲಿಯೆಂದು ಮೊದಲೇ ಒಪ್ಪಿಕೊಂಡೇ ಗಾಡಿ ಬಿಡಬೇಕು.

● ಜಾತ್ರೆಯ ವಿಚಾರ ಕಾನೂನಿಗೂ ಗೊತ್ತಿತ್ತು! 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಡ್ರೈವರ್, ಕಂಡಕ್ಟರರಿಗೆ ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸಿನ ಮಿತಿ ಹಾಕಿತು. ದೂರದ ಮಾರ್ಗ ಹಾಗೂ ಹಬ್ಬ-ಹರಿದಿನಗಳಿಗೆ ಮಾತ್ರ ಅನುಮತಿ ಪಡೆದು ದಿನಕ್ಕೆ ಹತ್ತು ತಾಸು, ವಾರಕ್ಕೆ 54 ತಾಸಿನವರೆಗೆ ಸಡಿಲಿಕೆ ಕೊಟ್ಟಿತ್ತು. ಐದು ತಾಸು ದುಡಿದ ಮೇಲೆ ಅರ್ಧ ತಾಸು ವಿಶ್ರಾಂತಿ ಕೊಡಲೇಬೇಕೆಂದೂ ಬರೆದಿತ್ತು. ದಾರಿಯ ಡಾಬಾದಲ್ಲಿ ಬಸ್ಸು ನಿಂತಾಗ ಬೇಸರ ಮಾಡಿಕೊಳ್ಳುವವರು ಇದನ್ನು ನೆನೆಯಬೇಕು.

● 2023ರ ಜೂನ್ 11ರಿಂದ ಜಾರಿಗೆ ಬಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ, ಆದರೆ ಟಿಕೆಟ್ ಕಡ್ಡಾಯ. ಶೂನ್ಯ ಎಂದು ಅಚ್ಚಾದ ಚೀಟಿಯ ಹಿಂದೆ ನಿಜವಾದ ದರ ಇರುತ್ತದೆ, ಸರ್ಕಾರ ಅದನ್ನು ಸಂಸ್ಥೆಗೆ ಭರಿಸಿಕೊಡಬೇಕು. “ಪುಕ್ಕಟೆ ಐತಲ್ಲೋ ತಮ್ಮಾ, ಚೀಟಿ ಯಾಕ?” ಎಂದು ಕೇಳಿದ ಅಜ್ಜಿಗೆ ಕಂಡಕ್ಟರ್ ಹೇಳಿದ್ದನ್ನು ನಾನೇ ಕೇಳಿದ್ದೇನೆ: “ಚೀಟಿ ಹರದ್ರ ನೀ ಹತ್ತಿದ್ದು ಲೆಕ್ಕಕ್ಕ ಬರ್ತೈತವ್ವಾ. ಇಲ್ಲಂದ್ರ ಈ ಗಾಡ್ಯಾಗ ಯಾರೂ ಇರಲಿಲ್ಲಂತ ಬರ್ಕೊಂತಾರ.” ಟಿಕೆಟ್ ಮಷಿನ್ನಿನಲ್ಲಿ ಯಾವ ಸ್ಟೇಜಿನಲ್ಲಿ ಹತ್ತಿದರು, ಎಲ್ಲಿ ಇಳಿಯುವರು ಎಂಬುದು ದಾಖಲಾಗುತ್ತದೆ. ಬಸ್ಸು ಬೇಕೆಂದು ಅರ್ಜಿ ಬರೆಯುವ ಹಳ್ಳಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

● ಡಿಪೋಗಳಲ್ಲಿ ದಿನವೂ ಓದುವ ಒಂದು ಅಂಕಿ ‘ಇಪಿಕೆಎಂ’, ಅಂದರೆ ಕಿಲೋಮೀಟರಿಗೆ ಎಷ್ಟು ಆದಾಯ ಎಂಬುದು. ಹೆದ್ದಾರಿಯ ಗಾಡಿ ಇದರಲ್ಲಿ ಸಾಮಾನ್ಯವಾಗಿ ಮುಂದೆ. ಪಟ್ಟಣದಲ್ಲಿ ಬಸ್ಸು ತಪ್ಪಿದರೆ ಹತ್ತು ನಿಮಿಷ ಹೋದೀತು. ಒಳಹಳ್ಳಿಯಲ್ಲಿ ಮುಂಜಾನೆಯ ಗಾಡಿ ತಪ್ಪಿದರೆ ಒಂದು ದಿನದ ಕೂಲಿ, ಒಂದು ಪರೀಕ್ಷೆ, ಆಸ್ಪತ್ರೆಯ ಒಂದು ಪಾಳಿ ಹೋಗುತ್ತದೆ. ಈ ನಷ್ಟವನ್ನು ತೋರಿಸುವ ಕಾಲಂ ಆ ಅಂಕಿಯಲ್ಲಿಲ್ಲ. ಅದನ್ನೂ ಸೇರಿಸಿ ನೋಡಿದರೆ ಮಾತ್ರ ಲೆಕ್ಕ ಪೂರ್ತಿ ಎಂಬುದು ನನ್ನ ಗಟ್ಟಿ ನಂಬಿಕೆ.

● ಹೊಸ ಮಾರ್ಗಕ್ಕೆ ಬಸ್ಸು ಬಿಡುವ ಮೊದಲು ದಾರಿಯ ಸರ್ವೆ ಆಗುತ್ತದೆ. ರಸ್ತೆ ಎಷ್ಟು ಅಗಲ, ಜೋತುಬಿದ್ದ ಕರೆಂಟ್ ತಂತಿ ಇದೆಯೇ, ತಿರುವು ಹೇಗಿದೆ ಎಂದು ನೋಡುತ್ತಾರೆ. ಎಲ್ಲಕ್ಕಿಂತ ಮುಖ್ಯ ಪ್ರಶ್ನೆ: ಊರೊಳಗೆ ಗಾಡಿ ತಿರುಗಿಸಲು ಜಾಗ ಉಂಟೇ? ಬಸ್ಸು 11–12 ಮೀಟರ್ ಉದ್ದದ ಪ್ರಾಣಿ. ಕತ್ತಲಲ್ಲಿ ಹಿಮ್ಮುಖ ಬರುವುದು ಅಪಾಯ. ಅನೇಕ ಊರುಗಳಲ್ಲಿ ಗುಡಿಯ ಮುಂದಿನ ಬಯಲೇ ಬಸ್ಸಿನ ತಿರುಗುದಾಣ. ನಾನು ಕಂಡ ಒಂದು ಊರಲ್ಲಿ ಸುಗ್ಗಿಯ ಹೊತ್ತಿಗೆ ಯಾರೋ ಆ ಬಯಲಿಗೆ ಜೋಳದ ಕಣಿಕೆಯ ಬಣವೆ ಒಟ್ಟಿದರು. ಮೂರು ದಿನ ಬಸ್ಸು ಅಗಸಿಯ ಹೊರಗೇ ನಿಂತಿತು. ಹುಡುಗರು ನಸುಕಿನಲ್ಲಿ ಅಲ್ಲಿಯವರೆಗೆ ನಡೆದರು. ನಾಲ್ಕನೇ ರಾತ್ರಿ ಹತ್ತಾರು ಮಂದಿ ಸೇರಿ, ಬಣವೆಯ ಯಜಮಾನರೂ ಕೈಹಚ್ಚಿ, ಕಣಿಕೆಯನ್ನೆಲ್ಲ ಹಿತ್ತಲಿಗೆ ಸಾಗಿಸಿದರು. ಮರುದಿನ ಸಂಜೆ ವಸ್ತಿ ಗಾಡಿ ಗುಡಿಯ ಮುಂದೆ ಒಂದೇ ಸಲಕ್ಕೆ ತಿರುಗಿ, ಮೂತಿಯನ್ನು ಹುಬ್ಬಳ್ಳಿಯ ಕಡೆ ಮಾಡಿ ನಿಂತಿತು.